ಕೊಪ್ಪಳ ಇಟ್ಟುಕೊಂಡು ಆದೋನಿ ಕೊಟ್ಟ ಗೆರೆ: ಅದು ಬೇರೆ ಥರ ಬಿದ್ದಿದ್ದರೆ?

ಕೋಟೆಬುಡ_ಬಳ್ಳಾರಿ

ಆಫ್ರಿಕಾದ ಭೂಪಟ ನೋಡಿದಾಗೆಲ್ಲ "ಬಿಳಿಯರು ಸ್ಕೇಲ್ ಇಟ್ಟು ಗೆರೆ ಎಳೆದರು" ಅಂತ ನಗುತ್ತೇವೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೆಗಳ ಗೆರೆ ಯಾರು ಎಳೆದರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ.

1800ರ ಅಕ್ಟೋಬರ್‌ನಲ್ಲಿ ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದ ಆಯಿತು. 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ತಮ್ಮ ಪಾಲಿಗೆ ಬಂದ ಸೀಮೆಯನ್ನೆಲ್ಲ ನಿಜಾಮರು ಕಂಪನಿ ಸೈನ್ಯದ ಖರ್ಚಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ ಸೀಮೆ ದತ್ತ ಮಂಡಲ ಆಗಿದ್ದು ಹೀಗೆ. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಆದರೆ ಅದು ತುಂಗಭದ್ರೆಯ ಉತ್ತರಕ್ಕೆ. ಗಡಿ ಅಂದರೆ ಹೊಳೆಯೇ ಇರಲಿ, ಸ್ಪಷ್ಟ ಇರುತ್ತದೆ ಅಂದುಕೊಂಡರು. ಕೊಪ್ಪಳವನ್ನು ನಿಜಾಮರೇ ಇಟ್ಟುಕೊಂಡರು. ಬದಲಿಗೆ ಹೊಳೆಯ ದಕ್ಷಿಣದಲ್ಲಿದ್ದ ಆದೋನಿಯನ್ನು ಕೊಟ್ಟರು.

1953ರಲ್ಲಿ ಆದೋನಿ ಆಂಧ್ರಕ್ಕೆ ಹೋಯಿತು. 1956ರಲ್ಲಿ ಕೊಪ್ಪಳ ಮೈಸೂರು ರಾಜ್ಯಕ್ಕೆ ಬಂತು. ಅದಲು ಬದಲು ಮಾಡಿದ್ದೆಲ್ಲ ಮತ್ತೆ ಅದಲು ಬದಲಾಯಿತು.

ವಸಾಹತುಗಳಿಗೆ ಸ್ವಾತಂತ್ರ್ಯ ಬಂದ ಮೇಲೆ ಗಡಿಗಳು ಬೇರೆ ಥರ ಆಗುವ ಅವಕಾಶ ಎಲ್ಲೆಲ್ಲಿತ್ತು? ಇಲ್ಲಿಯದೂ ಹೇಳಿ, ಹೊರಗಿನದೂ ಹೇಳಿ. ನನ್ನ ಷರತ್ತು ಒಂದೇ. "ವಿಜಯನಗರ ಬೀಳದೇ ಇದ್ದಿದ್ದರೆ" ಥರದ್ದು ಬೇಡ. ಅಧಿಕಾರ ಇದ್ದವರು ಆಗ ನಿಜವಾಗಿ ಬರೆದ, ಇಲ್ಲ ಗಟ್ಟಿಯಾಗಿ ಕೇಳಿದ ಗೆರೆಗಳು ಮಾತ್ರ.

ದೋಆಬ್_ರಾಯಚೂರು

ಷರತ್ತಿಗೆ ಸರಿಹೊಂದುವ ಮೊದಲ ಹೆಸರು ಹೈದರಾಬಾದ್ ಅಲ್ವಾ ಸರ್. ಅದು ಕನಸಲ್ಲ. ನಿಜಾಮರು ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. 1947ರ ನವೆಂಬರ್ 29ಕ್ಕೆ ಭಾರತದ ಜತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಸಮುದ್ರ ಇಲ್ಲ ಅನ್ನುವ ಕೊರಗಿಗೆ ಮರ್ಮಗೋವಾ ಬಂದರಿನ ಬಗ್ಗೆ ಪೋರ್ಚುಗೀಸರ ಜತೆ ಮಾತುಕತೆಗೂ ಇಳಿದಿದ್ದರು. 16 ಜಿಲ್ಲೆಗಳ ದೇಶ, ಅದರಲ್ಲಿ ನಮ್ಮ ರಾಯಚೂರೂ ಒಂದು.

ಸಂಡೂರು_ಮಣ್ಣು

ಸುತ್ತಲೂ ಭಾರತ ಇಟ್ಟುಕೊಂಡು ಒಂದು ದೇಶ. ಎಷ್ಟು ದಿನ ನಡೆಯುತ್ತಿತ್ತು? ಸುಮ್ನೆ ಹೇಳೋದಷ್ಟೆ.

ಹಟ್ಟಿಯಿಂದ_ಘಾನಾಕ್ಕೆ

ಸುಮ್ನೆ ಅಲ್ಲ ಅಣ್ಣಾ. ಲೆಸೊತೊ ನೋಡಿ. ಪೂರ್ತಿ ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಇದೆ. 1909ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟದ ಕಾಯ್ದೆ ಮಾಡಿದಾಗ, ಮುಂದೊಂದು ದಿನ ಬಸುಟೊಲ್ಯಾಂಡನ್ನು (ಲೆಸೊತೊದ ಆಗಿನ ಹೆಸರು) ಒಕ್ಕೂಟಕ್ಕೆ ಒಪ್ಪಿಸಬಹುದು ಅಂತ ದಾರಿ ಬಿಟ್ಟಿದ್ದರು. ಅಲ್ಲಿನ ಜನ ಬೇಡ ಅಂದರು. ಬ್ರಿಟನ್ ಒಪ್ಪಿಸಲೇ ಇಲ್ಲ. 1966ರಲ್ಲಿ ಬೇರೆ ದೇಶ ಆಯಿತು, ಇವತ್ತಿಗೂ ಇದೆ.

ಬದುಕುವ ದಾರಿ ಹೇಗೆ ಅಂದರೆ, 1986ರ ಒಪ್ಪಂದದ ಪ್ರಕಾರ ಬೆಟ್ಟದ ಮೇಲೆ ಅಣೆಕಟ್ಟು ಕಟ್ಟಿ ದಕ್ಷಿಣ ಆಫ್ರಿಕಾಕ್ಕೆ ನೀರು ಮಾರುತ್ತಾರೆ. ಸುತ್ತುವರಿದ ದೇಶ ಉಳಿಯಲ್ಲ ಅಂತೇನಿಲ್ಲ. ದೊಡ್ಡವನ ಕೈಯಲ್ಲಿ ದಾರಿ ಇರುತ್ತದೆ, ಚಿಕ್ಕವನ ಕೈಯಲ್ಲಿ ನೀರಿದ್ದರೆ ಹೇಗೋ ನಡೆಯುತ್ತದೆ.

ದೋಆಬ್_ರಾಯಚೂರು

ಹೈದರಾಬಾದಿಗೆ ಅದೇ ಇರಲಿಲ್ಲ. ಕೃಷ್ಣೆ, ತುಂಗಭದ್ರೆ, ಗೋದಾವರಿ ಮೂರೂ ಪಶ್ಚಿಮದಿಂದ, ಅಂದರೆ ಭಾರತದ ಕಡೆಯಿಂದ ಬರುವ ಹೊಳೆಗಳು. ಮೇಲಿನವನೇ ದೊಡ್ಡವನು.

ಮೇಷ್ಟ್ರು_ಕೊಪ್ಪಳ

ನೀವೆಲ್ಲ ದೇಶ, ಒಪ್ಪಂದ ಅಂತ ಮಾತಾಡುತ್ತಿದ್ದೀರಿ. 1800ರ ಗೆರೆ 1947ರಲ್ಲಿ ನಮ್ಮ ಊರುಗಳಿಗೆ ಏನು ಮಾಡಿತು ಅನ್ನುವುದನ್ನೂ ನೋಡಿ.

ಆಗಸ್ಟ್ 15ರಂದು ಹೊಸಪೇಟೆಯಲ್ಲಿ ಬಾವುಟ ಹಾರಿತು. ಹೊಳೆ ದಾಟಿ ಮುನಿರಾಬಾದಿಗೆ ಬಂದರೆ ಅದೇ ಬಾವುಟ ಅಪರಾಧ. ಕೊಪ್ಪಳ ಸಾಲಾರ್ ಜಂಗರ ಜಹಗೀರು. ನಮ್ಮ ಕಡೆಯ ಹೋರಾಟಗಾರರು ಗಡಿ ದಾಟಿ ಮುಂಬಯಿ ಪ್ರಾಂತ್ಯದ ಮುಂಡರಗಿಯಲ್ಲಿ ಶಿಬಿರ ಹಾಕಿದರು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಅದರ ಮುಂದಾಳು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ರಜಾಕಾರರ ಕಾಟ ತಾಳದೆ ಊರೂರೇ ಆ ಕಡೆ ಹೋಗಿ ಕೂತಿದ್ದವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಈ 13 ತಿಂಗಳು ಕೊಪ್ಪಳಕ್ಕೆ ಬಂದದ್ದು ಒಂದು ಹಳೆಯ ಕಾಗದದಿಂದ. ಒಪ್ಪಂದದ ಮೊದಲ ಪಟ್ಟಿ ಹಾಗೇ ನಿಂತಿದ್ದರೆ ಕೊಪ್ಪಳ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿ ಇರುತ್ತಿತ್ತು, ಆಗಸ್ಟ್ 15ಕ್ಕೇ ಮುಗಿಯುತ್ತಿತ್ತು. ಆ 13 ತಿಂಗಳು ಆದೋನಿಯವರ ಪಾಲಿಗೆ ಬರುತ್ತಿತ್ತು.

ಕೋಟೆಬುಡ_ಬಳ್ಳಾರಿ

ಮೇಷ್ಟ್ರೇ, ಇನ್ನೊಂದು ವಿಷಯ ಇದಕ್ಕೆ ಸೇರಿಸಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲೇ ಶುರುವಾಗಿತ್ತು. 1944ರಲ್ಲಿ ಮದ್ರಾಸು, ಹೈದರಾಬಾದು ಇಬ್ಬರೂ ತಲಾ 65 ಟಿಎಂಸಿ ಅಂತ ಒಪ್ಪಿಕೊಂಡಿದ್ದರು. ಹಾಗಾದರೆ ಆ 13 ತಿಂಗಳು ಅಣೆಕಟ್ಟಿನ ಬಲಗಡೆ ಭಾರತ, ಎಡಗಡೆ ನಿಜಾಮರ ರಾಜ್ಯ. ಗೋಡೆಯ ಒಂದು ತುದಿ ಒಂದು ಕಡೆ, ಇನ್ನೊಂದು ತುದಿ ಇನ್ನೊಂದು ಕಡೆ.

ಹೊಸಪೇಟೆ_ಅಕ್ಕ

ಕೊನೆಗೂ ನಮ್ಮ ಊರಿಗೆ ಬಂದಿರಿ. ಈ ಚರ್ಚೆಯ ಗಟ್ಟಿ ಗೆರೆ ನನ್ನ ಹತ್ತಿರ ಇದೆ.

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಉಳಿದವು ಮೈಸೂರಿಗೆ. ಬಳ್ಳಾರಿ ತಾಲೂಕಿನ ಜಗಳ ಮುಗಿಯದೆ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ವಿಚಾರಣೆಗೆ ಹಾಕಬೇಕಾಯಿತು. ಅವರ ವರದಿ ಬಂದ ಮೇಲೆ ಬಳ್ಳಾರಿಯೂ ಮೈಸೂರಿಗೆ ಬಂತು. ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿರುತ್ತೀರಿ.

ಮುಗಿಯಲಿಲ್ಲ. ರಾಜ್ಯಗಳ ಗಡಿ ಹೊಸದಾಗಿ ಹಾಕಲು ನೇಮಿಸಿದ್ದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟಿತಲ್ಲ, ಅದರಲ್ಲಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳನ್ನು ಆಂಧ್ರಕ್ಕೆ ಕೊಡಿ ಅಂತ ಬರೆದಿದ್ದರು. ಜತೆಗೆ ಮಲ್ಲಾಪುರ ಉಪ ತಾಲೂಕಿನ ಒಂದು ಚಿಕ್ಕ ತುಂಡು. ಆ ಚಿಕ್ಕ ತುಂಡು ಯಾಕೆ ಬೇಕಿತ್ತು? ಅಣೆಕಟ್ಟು ಇರುವುದೇ ಅಲ್ಲಿ. ಭಾಷೆಯ ಲೆಕ್ಕ ಪಕ್ಕಕ್ಕಿಟ್ಟು ಗೆರೆಯನ್ನು ನೀರಿನ ಬಾಗಿಲಿಗೆ ತಂದು ನಿಲ್ಲಿಸಿದ್ದರು. ರಾಯಲಸೀಮೆಗೆ ಈ ನೀರು ಅಷ್ಟು ಮುಖ್ಯ ಅನ್ನುವುದು ಅವರ ವಾದ. ಮೈಸೂರು ಕಡೆಯಿಂದ ಗದ್ದಲ ಎದ್ದಿತು. ಕೇಂದ್ರ ಸರಕಾರ ಅದನ್ನು ಒಪ್ಪಲಿಲ್ಲ.

ಈಗ ಪಂಜಾಬಿಗೆ ಹೋಗಿ. 1947ರ ಜುಲೈ 8ಕ್ಕೆ ಭಾರತಕ್ಕೆ ಬಂದಿಳಿದ ರ‍್ಯಾಡ್‌ಕ್ಲಿಫ್ ಐದು ವಾರದಲ್ಲಿ ಭಾರತ, ಪಾಕಿಸ್ತಾನದ ನಡುವೆ ಎರಡು ಗಡಿ ಎಳೆದರು. ಆಗಸ್ಟ್ 8ಕ್ಕೆ ಲಾಹೋರಿನ ಗವರ್ನರರಿಗೆ ಹೋದ ನಕ್ಷೆಯಲ್ಲಿ ಫಿರೋಜ್‌ಪುರ ಮತ್ತು ಜೀರಾ ತಹಸೀಲುಗಳು ಪಾಕಿಸ್ತಾನದಲ್ಲಿದ್ದವು. 17ಕ್ಕೆ ಪ್ರಕಟವಾದ ಗೆರೆಯಲ್ಲಿ ಭಾರತದಲ್ಲಿದ್ದವು. ಫಿರೋಜ್‌ಪುರದಲ್ಲಿ ಏನಿತ್ತು? ಸಟ್ಲೆಜ್ ಕಾಲುವೆಗಳ ಹೆಡ್‌ವರ್ಕ್ಸ್. ಮರುವರ್ಷ ಏಪ್ರಿಲ್ 1ಕ್ಕೆ ಈ ಕಡೆಯವರು ಗೇಟು ಇಳಿಸಿದರು, ಆ ಕಡೆಯ ಕಾಲುವೆ ಒಣಗಿತು. ಸಿಂಧೂ ಒಪ್ಪಂದ ಆಗಲು 1960 ಬರಬೇಕಾಯಿತು. ಅಲ್ಲಿ ಫಿರೋಜ್‌ಪುರ, ಇಲ್ಲಿ ಮಲ್ಲಾಪುರ. ಒಂದು ಸರಿಯಿತು, ಒಂದು ಸರಿಯಲಿಲ್ಲ.

ಸಿರುಗುಪ್ಪ_ಸೋನಾ

ಅಕ್ಕ, ಹಾಗಾದರೆ ನಮ್ಮ ಸಿರುಗುಪ್ಪ ಆಂಧ್ರಕ್ಕೆ ಹೋಗಿದ್ದರೆ ಕಾಲುವೆ ನೀರು ಜಾಸ್ತಿ ಬರುತ್ತಿತ್ತಾ ಕಮ್ಮಿ ಬರುತ್ತಿತ್ತಾ? ನನಗೆ ಅಷ್ಟು ಹೇಳಿ ಸಾಕು.

ಹೊಸಪೇಟೆ_ಅಕ್ಕ

ಬಲದಂಡೆ ಕಾಲುವೆಗಳು ಈಗಲೂ ತುಂಗಭದ್ರಾ ಮಂಡಳಿಯ ಕೈಯಲ್ಲೇ ಇವೆ. ಕೆಳಮಟ್ಟದ ಕಾಲುವೆ ನಿಮ್ಮ ಕಡೆ ಹಾದೇ ಆದೋನಿ, ಕರ್ನೂಲು ಕಡೆ ಹೋಗುತ್ತದೆ. ನಿಮಗೆ ಅಂಥ ವ್ಯತ್ಯಾಸ ಆಗುತ್ತಿರಲಿಲ್ಲ ಅಂತ ನನ್ನ ಅಂದಾಜು. ಏಟು ಬೀಳುತ್ತಿದ್ದದ್ದು ಎಡದಂಡೆಗೆ. ಗಂಗಾವತಿ, ಸಿಂಧನೂರು, ಮಾನ್ವಿ. ನೀರಿನ ಬೀಗದ ಕೈ ಪಕ್ಕದ ರಾಜ್ಯದಲ್ಲಿ, ಗದ್ದೆ ಈ ರಾಜ್ಯದಲ್ಲಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ಒಂದೇ ಸಲ ಗಾಬರಿಯಾದರು. ಕರ್ನಾಟಕದ ಮಂತ್ರಿಗಳು ಮರುದಿನವೇ ಬಂದು ನಿಂತಿದ್ದು ಜಲಾಶಯ ಇಲ್ಲಿ ಇದ್ದುದಕ್ಕೆ.

ಸಿರುಗುಪ್ಪ_ಸೋನಾ

ಮಕ್ಕಳಿಗೆ 371(ಜೆ) ವಿಧಿಯ ಮೀಸಲಾತಿ ಮಾತ್ರ ತಪ್ಪುತ್ತಿತ್ತು ಅನ್ನಿ.

ದೋಆಬ್_ರಾಯಚೂರು

ಅದನ್ನು ಹೇಳಬೇಡಿ, ಹೊಟ್ಟೆ ಉರಿಯುತ್ತದೆ! ಬಳ್ಳಾರಿ 1947ರಲ್ಲಿ ಮದ್ರಾಸು. ನಿಜಾಮರ ಕಾಲದ ಹಿಂದುಳಿಯುವಿಕೆ ನಮ್ಮದು. 2012ರ ತಿದ್ದುಪಡಿ ಬಂದಾಗ ನೀವೂ ಸಾಲಿನಲ್ಲಿ. ರಜಾಕಾರರ ಕಾಟ ನಮಗೆ, ಸೀಟು ಇಬ್ಬರಿಗೂ.

ಸಿರುಗುಪ್ಪ_ಸೋನಾ

1800ಕ್ಕೆ ಮುಂಚೆ ನಾವೂ ನಿಜಾಮರ ಕೈಯಲ್ಲಿದ್ದೆವಲ್ಲಪ್ಪ. ಕೋಟೆಬುಡ ಸರ್ ಈಗಷ್ಟೇ ಹೇಳಿದರು.

ಕ್ಯಾಂಪಿನವನು (ಸಿಂಧನೂರು)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ಇಲ್ಲಿ ಜಮೀನು ತಗೊಂಡ ಕುಟುಂಬ ನಮ್ಮದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಕ್ಕಿ ವ್ಯಾಪಾರಕ್ಕೆ ಎರಡೂ. 1956ರಲ್ಲಿ ಭಾಷೆ ಪ್ರಕಾರ ಗೆರೆ ಹಾಕಿದರು. ಹಾಕಿದ ಮೇಲೂ ಜನ ನೀರಿನ ಹಿಂದೆ ಬಂದರು. ಎಡದಂಡೆಯಲ್ಲಿ ನಮ್ಮಂಥವರು ನೆಲೆಸಿದ ಕ್ಯಾಂಪುಗಳಲ್ಲಿ ಸುತ್ತಾಡಿದರೆ ಯಾವ ರಾಜ್ಯದಲ್ಲಿ ಇದ್ದೀರಿ ಅಂತ ಅನುಮಾನ ಬರುತ್ತದೆ. ಮಲ್ಲಾಪುರ ಆಂಧ್ರಕ್ಕೆ ಹೋಗಿದ್ದರೂ ನಮ್ಮ ತಾತ ಇಲ್ಲಿಗೇ ಬರುತ್ತಿದ್ದರು. ಕಪ್ಪು ಮಣ್ಣು ಇಲ್ಲಿತ್ತು, ಎಕರೆಗೆ ರೇಟು ಕಮ್ಮಿ ಇತ್ತು.

ಮೇಷ್ಟ್ರು_ಕೊಪ್ಪಳ

ನಿಮ್ಮ ತಾತ ಬಂದರು, ನಿಜ. ಅಗ್ಗಕ್ಕೆ ಹೊಲ ಮಾರಿದವರು ಎಲ್ಲಿಗೆ ಹೋದರು ಅನ್ನುವುದೂ ಒಂದು ಗಡಿಯ ಕಥೆಯೇ. ಅದನ್ನು ಇನ್ನೊಂದು ದಿನ ಮಾತಾಡೋಣ.

ಹಟ್ಟಿಯಿಂದ_ಘಾನಾಕ್ಕೆ

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಟ್ಟಿ ಗಣಿಯಲ್ಲಿ ಕಲಿತ ಕೆಲಸ ನನ್ನನ್ನು ಘಾನಾದ ಚಿನ್ನದ ಗಣಿಗೆ ತಂದಿದೆ. ಇಲ್ಲಿನ ಪೂರ್ವದ ಗಡಿಯಲ್ಲಿ ಎವೆ ಅನ್ನುವ ಜನ ಇದ್ದಾರೆ. ಅವರ ಅರ್ಧ ಘಾನಾದಲ್ಲಿ, ಅರ್ಧ ಟೋಗೋದಲ್ಲಿ. ಟೋಗೋ ರಾಜಧಾನಿ ಲೋಮೆ ಗಡಿಗೆ ಅಂಟಿಕೊಂಡೇ ಇದೆ, ಈ ಕಡೆಯ ಆಫ್ಲಾವೊದಿಂದ ನಡೆದೇ ಹೋಗಬಹುದು. ಮೊದಲು ಅದು ಜರ್ಮನರ ಟೋಗೋಲ್ಯಾಂಡ್. ಮೊದಲ ಮಹಾಯುದ್ಧದ ಮೇಲೆ ಬ್ರಿಟನ್, ಫ್ರಾನ್ಸ್ ಹಂಚಿಕೊಂಡವು. 1956ರಲ್ಲಿ ಬ್ರಿಟಿಷ್ ಪಾಲಿನಲ್ಲಿ ಜನಮತ ಆಯಿತು. ಹೌದು, ನಮ್ಮ ರಾಜ್ಯ ಒಂದಾದ ವರ್ಷವೇ. ಒಟ್ಟು ಮತ, ಘಾನಾದ ಆಗಿನ ಹೆಸರಾದ ಗೋಲ್ಡ್ ಕೋಸ್ಟ್‌ಗೆ ಸೇರೋಣ ಅನ್ನುವ ಕಡೆ ಬಂತು. ದಕ್ಷಿಣದ ಎವೆ ಊರುಗಳಲ್ಲಿ ಬೇಡ ಅಂದವರೇ ಜಾಸ್ತಿ. ಒಟ್ಟು ಲೆಕ್ಕವೇ ನಡೆಯಿತು. ತಾಲೂಕುವಾರು ಎಣಿಸಿದ್ದರೆ ಇವತ್ತು ಗೆರೆ ಬೇರೆ ಇರುತ್ತಿತ್ತು. ಕೋಟೆಬುಡ ಸರ್ ಷರತ್ತಿಗೆ ಇದು ಸರಿಯಾಗಿ ಹೊಂದುತ್ತದೆ.

ಇದಕ್ಕಿಂತ ದೊಡ್ಡ ಅವಕಾಶ ಇನ್ನೊಂದಿತ್ತು. 1958ರ ಡಿಸೆಂಬರ್‌ನಲ್ಲಿ ಅಕ್ರಾದಲ್ಲಿ ಇಡೀ ಆಫ್ರಿಕಾದ ಹೋರಾಟಗಾರರ ಸಮ್ಮೇಳನ ನಡೆಯಿತು. ಸಾಮ್ರಾಜ್ಯಗಳು ಎಳೆದ ಕೃತಕ ಗಡಿಗಳನ್ನು ತೆಗೆಯಬೇಕು, ಇಲ್ಲ ಸರಿಪಡಿಸಬೇಕು ಅಂತ ನಿರ್ಣಯ ಮಾಡಿದರು. ಆರು ವರ್ಷ ಆಗುವುದರೊಳಗೆ, 1964ರ ಜುಲೈನಲ್ಲಿ ಕೈರೋದಲ್ಲಿ ಇನ್ನೊಂದು ನಿರ್ಣಯ. ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಎಲ್ಲರೂ ಗೌರವಿಸಬೇಕು ಅಂತ. ಸೊಮಾಲಿಯಾ, ಮೊರಾಕ್ಕೊ ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಈ ನಡುವೆ ಆದದ್ದು ಇಷ್ಟೆ. ಹೋರಾಟಗಾರರು ಅಧ್ಯಕ್ಷರಾಗಿದ್ದರು. ಗಡಿಯೊಳಗೆ ಅವರ ಕುರ್ಚಿ ಇತ್ತು.

ನಮ್ಮವರೇನು ಕಮ್ಮಿ ಇಲ್ಲ. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಭಾಷಾವಾರು ಪ್ರಾಂತ್ಯ ಅಂತ ಒಪ್ಪಿ, ಕರ್ನಾಟಕಕ್ಕೆ ಬೇರೆ ಪ್ರದೇಶ ಸಮಿತಿ ಮಾಡಿದರು. ಅಧಿಕಾರ ಬಂದ ಮೇಲೆ 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿ ಮೂವರ ಸಮಿತಿ "ಈಗ ಬೇಡ" ಅಂದಿತು. ಅಕ್ರಾದಿಂದ ಕೈರೋಗೆ ಹೋದ ದಾರಿಯೇ ನಾಗಪುರದಿಂದ ದೆಹಲಿಗೂ.

ಕೋಟೆಬುಡ_ಬಳ್ಳಾರಿ

ಒಳ್ಳೆ ಮಾತು. ಆದರೂ ದೆಹಲಿ ಜಗ್ಗಿತು, ಕೈರೋ ಜಗ್ಗಲಿಲ್ಲ. ಯಾಕೆ? ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ 1952ರ ಡಿಸೆಂಬರ್ 15ಕ್ಕೆ ತೀರಿಕೊಂಡರು. 19ಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ನಾಲ್ಕೇ ದಿನ. ರಾಜ್ಯದ ಗಡಿ ಸರಿಸಿದರೆ ದೇಶಕ್ಕೆ ಏನೂ ಆಗಲ್ಲ, ಸೈನ್ಯ ಒಂದೇ, ರೂಪಾಯಿ ಒಂದೇ. ಎವೆ ಜನರಿಗೆ ಜಾಗ ಮಾಡಿಕೊಡಬೇಕಾದರೆ ಎರಡು ದೇಶ ಒಪ್ಪಬೇಕು. ಅಲ್ಲಿ ಒಂದು ಗೆರೆ ಮುಟ್ಟಿದರೆ ಪಕ್ಕದವನೂ ಕೇಳುತ್ತಾನೆ, ಅವನ ಪಕ್ಕದವನೂ ಕೇಳುತ್ತಾನೆ. ಸೊಮಾಲಿಯಾ ಕೇಳಿತು. 1977ರಲ್ಲಿ ಒಗಾಡೆನ್‌ಗೆ ನುಗ್ಗಿತು, ಮರುವರ್ಷ ಸೋತು ಹಿಂದೆ ಬಂತು. ಅದನ್ನು ನೋಡಿದ ಮೇಲೆ ಕೈರೋದವರು ಹೆದರಿದ್ದು ತಪ್ಪು ಅನ್ನಲು ನನಗೆ ಮನಸ್ಸು ಬರಲ್ಲ.

ಸಂಡೂರು_ಮಣ್ಣು

ನಮ್ಮಲ್ಲಿ ಶಾಂತಿಯಿಂದ ಆಯಿತು ಅನ್ನಿ. ಸಂಡೂರು ರಾಜ್ಯ 1949ರಲ್ಲಿ ಬಳ್ಳಾರಿಗೆ ಸೇರಿತು, ಯಾರೂ ಕೂಗಾಡಲಿಲ್ಲ.

ಹೊಸಪೇಟೆ_ಅಕ್ಕ

ಶಾಂತಿ ಅನ್ನುವ ಮಾತನ್ನು ಬಳ್ಳಾರಿಯಲ್ಲಿ ನಿಂತು ಹೇಳಬೇಡಿ. ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ್ದ ಪೆಂಡಾಲು ಕಾಯುತ್ತಾ ಮಲಗಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ 1953ರ ಸೆಪ್ಟೆಂಬರ್ 30ರ ರಾತ್ರಿ ಆಸಿಡ್ ಬಲ್ಬು ಎಸೆದರು. ಪ್ರಾಣ ಹೋಯಿತು. ಏಕೀಕರಣಕ್ಕೆ ಬಳ್ಳಾರಿ ಕೊಟ್ಟ ಬಲಿ ಅದು. ಸರಿಯಾಗಿ ಎರಡು ವರ್ಷಕ್ಕೆ, ಅದೇ ತಾರೀಖಿಗೆ, ಬಳ್ಳಾರಿಯನ್ನು ಆಂಧ್ರಕ್ಕೆ ಕೊಡಿ ಅನ್ನುವ ವರದಿ ದೆಹಲಿಯಲ್ಲಿ ಸಲ್ಲಿಕೆಯಾಯಿತು.

ಇನ್ನೊಂದು. ಬಳ್ಳಾರಿ ತಾಲೂಕಿನವರನ್ನು ಯಾರೂ ಮತ ಕೇಳಲಿಲ್ಲ. ನ್ಯಾಯಮೂರ್ತಿಗಳು ಬಂದರು, ಅರ್ಜಿ ತಗೊಂಡರು, ಹೋದರು. ಜನಮತ ಆಗಿದ್ದರೆ ಏನು ಬರುತ್ತಿತ್ತು? ಊರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇದ್ದವು. ನನಗಂತೂ ಧೈರ್ಯವಾಗಿ ಹೇಳಲು ಬರಲ್ಲ.

ಹಟ್ಟಿಯಿಂದ_ಘಾನಾಕ್ಕೆ

ಜನಮತ ಅಂದರೂ ಪ್ರಶ್ನೆ ಬರೆಯುವವನ ಕೈಯಲ್ಲೇ ಇರುತ್ತದೆ ಅಕ್ಕ. 1961ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕ್ಯಾಮರೂನಿನಲ್ಲಿ ಕೇಳಿದ್ದು ಎರಡೇ: ನೈಜೀರಿಯಾಕ್ಕೆ ಸೇರುತ್ತೀರಾ, ಕ್ಯಾಮರೂನ್ ಗಣರಾಜ್ಯಕ್ಕೆ ಸೇರುತ್ತೀರಾ? ನಮ್ಮಷ್ಟಕ್ಕೆ ನಾವು ಇರುತ್ತೇವೆ ಅನ್ನಲು ಚೀಟಿಯಲ್ಲಿ ಜಾಗವೇ ಇರಲಿಲ್ಲ. ಉತ್ತರ ಭಾಗ ನೈಜೀರಿಯಾಕ್ಕೆ ಹೋಯಿತು, ದಕ್ಷಿಣ ಭಾಗ ಕ್ಯಾಮರೂನಿಗೆ. ಆ ದಕ್ಷಿಣ ಭಾಗದಲ್ಲೇ ಈಗ ಇಂಗ್ಲಿಷ್ ಮಾತಾಡುವವರು ಬೇರೆ ದೇಶ ಬೇಕು ಅಂತ ಬಂದೂಕು ಹಿಡಿದಿರುವುದು.

ದೋಆಬ್_ರಾಯಚೂರು

ಚಿಕ್ಕ ಗೆರೆಯ ಬಗ್ಗೆ ನಾನೂ ಒಂದು ಹೇಳುತ್ತೇನೆ. ಇದು ಸುದ್ದಿಯಾಗುವುದೇ ಕಮ್ಮಿ. ಹೈದರಾಬಾದ್ ಕಾಲದಲ್ಲಿ ಆಲಂಪುರ, ಗದ್ವಾಲ್ ಎರಡೂ ರಾಯಚೂರು ಜಿಲ್ಲೆಯ ತಾಲೂಕುಗಳು. 1956ರಲ್ಲಿ ಅವು ತೆಲಂಗಾಣದ ಕಡೆ ಹೋದವು, ನಾವು ಈ ಕಡೆ. ಜಿಲ್ಲೆ ಒಡೆಯುವಾಗ ಕಾಲುವೆ ಒಡೆಯಲು ಆಗಲ್ಲವಲ್ಲ. ಮಾನ್ವಿ ತಾಲೂಕಿನ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಇದೆ. ಅದರ ಎಡಗಡೆ ಕಾಲುವೆಯ ನೀರಿನ ಬಹುಪಾಲು ಗದ್ವಾಲ್, ಆಲಂಪುರದ ಹೊಲಗಳಿಗೆ. ಒಂದೇ ಜಿಲ್ಲೆಯ ಯೋಜನೆ ಅಂತರರಾಜ್ಯ ವಿವಾದ ಆಗಿ ಕೂತಿತು. ಎದುರು ದಡದಲ್ಲಿ ಕರ್ನೂಲಿನವರು, ಅವರದು ಬೇರೆ ತಕರಾರು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಒಂದು ಅಡ್ಡಗಟ್ಟೆಗೆ ಮೂರು ರಾಜ್ಯ.

ಗೆರೆ ಗದ್ವಾಲಿನ ಆ ಕಡೆ ಬಿದ್ದಿದ್ದರೆ ಇದೆಲ್ಲ ರಾಯಚೂರಿನ ನೀರಾವರಿ ಕಚೇರಿಯಲ್ಲೇ ಬಗೆಹರಿಯುತ್ತಿತ್ತು. ತೆಲುಗು ಮಾತಾಡುವ ಎರಡು ತಾಲೂಕು ನಮ್ಮಲ್ಲಿ ಇರುತ್ತಿದ್ದವು. ಕೋಲಾರದಲ್ಲಿ ತೆಲುಗು ಇಲ್ಲವೇ? ಏನು ಮುಳುಗಿದೆ?

ಕ್ಯಾಂಪಿನವನು (ಸಿಂಧನೂರು)

ಅದೇ ನಾನು ಹೇಳಿದ್ದು.

ಸಂಡೂರು_ಮಣ್ಣು

ನೀರಿನ ಮಾತೇ ಆಯಿತು, ಅದಿರು ಮರೆತಿರಿ. 1953ರಲ್ಲಿ ರಾಯದುರ್ಗ ಹೋಯಿತಲ್ಲ, ಓಬುಳಾಪುರ ಆ ಕಡೆ ಸೇರಿತು. ಗುಡ್ಡ ಒಂದೇ, ಗೆರೆ ಮಧ್ಯೆ. ಐವತ್ತು ವರ್ಷ ಆ ಗೆರೆಯನ್ನು ಕುರಿ ಕಾಯುವವರೂ ಕೇಳಿರಲಿಲ್ಲ. ಅದಿರಿಗೆ ಬೆಲೆ ಬಂತು ನೋಡಿ, ಗಡಿಕಲ್ಲು ಎಲ್ಲಿತ್ತು, ಯಾರು ಕಿತ್ತರು ಅನ್ನುವ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರ್ವೆ ಆಫ್ ಇಂಡಿಯಾದವರು ಮತ್ತೆ ಅಳೆಯಬೇಕಾಯಿತು. ಮೂರು ತಾಲೂಕು ಬಿಡುವಾಗ ಗಿಡ ಗಂಟಿಯ ಗುಡ್ಡ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮೇಷ್ಟ್ರು_ಕೊಪ್ಪಳ

ಆದೋನಿಯ ಬಗ್ಗೆ ಹೇಳುವುದು ಉಳಿದಿದೆ. ನನ್ನ ತಾಯಿಯ ತವರು ಆ ಕಡೆ. 1953ರಲ್ಲಿ ಆದೋನಿ ಜತೆ ಏನು ಹೋಯಿತು ಅಂತ ಹುಡುಗರಿಗೆ ಗೊತ್ತಿಲ್ಲ. ಮಂತ್ರಾಲಯ ಹೋಯಿತು. ಅದು ಆದೋನಿ ತಾಲೂಕು, ಬಳ್ಳಾರಿ ಜಿಲ್ಲೆ. ರಾಯರ ಮಠದ ಭೂಮಿಯ ವಿಚಾರದಲ್ಲಿ ಥಾಮಸ್ ಮನ್ರೋ ಹೆಸರು ಕೇಳಿಬರುವುದು ಯಾಕೆ? ಅವರು ಈ ಸೀಮೆಯ ಕಲೆಕ್ಟರ್ ಆಗಿದ್ದುದಕ್ಕೆ. ಹತ್ತಿ ಮಾರಲು ನಮ್ಮವರು ಆದೋನಿಗೆ ಹೋಗುತ್ತಾರೆ, ಮಂತ್ರಾಲಯಕ್ಕೆ ರಾಯಚೂರಿನಿಂದ ಬಸ್ಸು ತುಂಬಿ ಹೋಗುತ್ತದೆ. ಆ ಕಡೆಯ ಊರುಗಳಲ್ಲಿ ಕನ್ನಡ ಶಾಲೆಗಳು ಮಾತ್ರ ಸೊರಗುತ್ತಿವೆ.

ಕೋಟೆಬುಡ ಅವರೇ, 1800ರ ಅದಲು ಬದಲು ಆಗದೇ ಇದ್ದಿದ್ದರೆ ಆದೋನಿ ನಿಜಾಮರಲ್ಲೇ ಉಳಿದು 1956ರಲ್ಲಿ ರಾಯಚೂರಿನ ಜತೆ ಹಂಚಿಕೆಗೆ ಬರುತ್ತಿತ್ತು. ಆಗ ಏನಾಗುತ್ತಿತ್ತು ಅಂತೀರಿ?

ಕೋಟೆಬುಡ_ಬಳ್ಳಾರಿ

ಗದ್ವಾಲ್, ಆಲಂಪುರ ಹೋದ ದಾರಿಯಲ್ಲೇ ಹೋಗುತ್ತಿತ್ತು ಮೇಷ್ಟ್ರೇ. 1956ರ ಹಂಚಿಕೆ ತಾಲೂಕಿನ ಲೆಕ್ಕದ್ದು. ತಾಲೂಕಿನಲ್ಲಿ ಯಾವ ಭಾಷೆ ಜಾಸ್ತಿಯೋ ಆ ಕಡೆಗೆ ಇಡೀ ತಾಲೂಕು. ಆದೋನಿಯನ್ನು ಹಳ್ಳಿ ಹಳ್ಳಿ ಎಣಿಸಿದ್ದರೆ ಒಂದಷ್ಟು ಈ ಕಡೆ ಉಳಿಯುತ್ತಿದ್ದವು. ಹಾಗೆ ಎಣಿಸಿ ಅಂತ ಆಗ ಕೇಳಿದವರೂ ಇದ್ದರು. ಆಯೋಗ ಜಿಲ್ಲೆಯನ್ನೇ ಒಡೆಯಲು ಹಿಂದೆಮುಂದೆ ನೋಡುತ್ತಿತ್ತು, ಇನ್ನು ಹಳ್ಳಿ ಎಣಿಸುವುದು ಎಲ್ಲಿಯ ಮಾತು.

ಮೇಷ್ಟ್ರು_ಕೊಪ್ಪಳ

ಹಳ್ಳಿ ಎಣಿಸಿದ್ದರೆ ನಮ್ಮ ತಾಯಿಯ ಊರು ಖಂಡಿತ ಈ ಕಡೆ. ಮಂತ್ರಾಲಯದ ಬಗ್ಗೆ ರಾಯಚೂರಿನವರು ಹೇಳಲಿ.

ದೋಆಬ್_ರಾಯಚೂರು

ಅದು ನಮಗೆ ಬೇಕಿತ್ತು ಸರ್. ಆದರೆ ಅದರ ಹಿಂದೆಯೇ ತುಂಗಭದ್ರೆಯ ಇನ್ನೊಂದು ದಡದ ಜಗಳವೂ ಬರುತ್ತಿತ್ತು. ರಾಜೋಳಿಬಂಡಾ ಒಂದೇ ಸಾಕಾಗಿದೆ.